ಯಂತ್ರದ ಉಸಿರು, ಸಕ್ಕರೆಯ ಗುಳಿಗೆ

ಮನುಷ್ಯನು ಲೆಕ್ಕವಿಡದೆ ವೆಚ್ಚಮಾಡುವ ವಸ್ತು ಉಸಿರೊಂದೇ. ಅದೇ ಉಸಿರು ಯಂತ್ರದ ಮೂಲಕ ಬರತೊಡಗಿದ ದಿನ ಗಂಟೆಗಂಟೆಗೂ ಲೆಕ್ಕ ಬೀಳುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಿಗೆ ಈ ಲೆಕ್ಕ ಅಪರಿಚಿತವೇನಲ್ಲ. ಹತ್ತಾರು ವರ್ಷ ಬೀಡಿ ಸೇದಿದ ಹಿರಿಯರಿಗೆ, ಕುಳ್ಳು-ಹತ್ತಿಕಟ್ಟಿಗೆಯ ಹೊಗೆಯಲ್ಲಿ ರೊಟ್ಟಿ ಬಡಿದು ಆಯುಷ್ಯ ಸವೆಸಿದ ತಾಯಂದಿರಿಗೆ ಒಂದು ರಾತ್ರಿ ಉಬ್ಬಸ ಏರುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಹೋಗಬೇಕೆಂದಾದರೆ ಹೆಚ್ಚಿನವರು ವಿಜಯಪುರಕ್ಕೆ ಧಾವಿಸುತ್ತಾರೆ. ಇಂಡಿಯ ಕಡೆಯವರಲ್ಲಿ ಕೆಲವರು ಸೊಲ್ಲಾಪುರಕ್ಕೆ, ಸಿಂದಗಿಯವರು ಕಲಬುರಗಿಗೆ, ಮುದ್ದೇಬಿಹಾಳದವರು ಬಾಗಲಕೋಟೆಗೆ. ಅಲ್ಲಿ ತೀವ್ರ ನಿಗಾ ಘಟಕದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ರೋಗಿಯ ಗಂಟಲಿನಲ್ಲಿ ಕೊಳವೆ, ಹೊರಗೆ ಬಂಧುಗಳ ಕೈಯಲ್ಲಿ ಬಿಲ್ಲು. ಒಂದೊಂದು ದಿನ ಹೆಚ್ಚಾದಂತೆ ಹೊಲದ ಒಂದೊಂದು ತುಂಡು ಕಣ್ಣಮುಂದೆ ಬರುತ್ತದೆ.

ಇಂಥ ಹೊತ್ತಿನಲ್ಲಿ ಸಲಹೆಗಳಿಗೆ ಬರವಿಲ್ಲ. ಇದಕ್ಕೆ ಹೋಮಿಯೋಪಥಿಯಲ್ಲಿ ಒಂದು ಗುಳಿಗೆಯುಂಟು, ಯುರೋಪಿನ ದೊಡ್ಡ ಆಸ್ಪತ್ರೆಯಲ್ಲಿಯೇ ಅದರ ಪರೀಕ್ಷೆ ನಡೆದು ಗೆದ್ದಿದೆ, ಎಂಬ ಮಾತೂ ಅವುಗಳಲ್ಲಿ ಒಂದು. ಈ ಮಾತು ಕಟ್ಟುಕಥೆಯಲ್ಲ. ಅಂಥ ಪರೀಕ್ಷೆ ನಿಜವಾಗಿಯೂ ನಡೆದಿದೆ. ಆದರೆ ಅದು ಏನನ್ನು ಗೆದ್ದಿತು, ಏನನ್ನು ಗೆಲ್ಲಲಿಲ್ಲ ಎಂಬುದನ್ನು ತಿಳಿಯದೆ ಅದನ್ನು ನಂಬುವುದೂ ತಪ್ಪು, ನಗುವುದೂ ತಪ್ಪು.

ಹೋಮಿಯೋಪಥಿಗೆ ಕನ್ನಡನಾಡಿನಲ್ಲಿ ಗೌರವದ ಇತಿಹಾಸವಿದೆ. ೧೮೮೦ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ ಬಡವರಿಗಾಗಿ ಹೋಮಿಯೋಪಥಿಯ ಔಷಧಶಾಲೆಯನ್ನು ತೆರೆದರು. ಹತ್ತು ವರ್ಷಗಳ ಬಳಿಕ ಅಲ್ಲಿಯೇ ಕುಷ್ಠರೋಗಿಗಳಿಗೆ ಆಶ್ರಯವೂ ಸಿಕ್ಕಿತು. ಇಂದು ಆ ಸಂಸ್ಥೆಯ ನೆರಳಿನಲ್ಲಿ ಹೋಮಿಯೋಪಥಿಯ ಕಾಲೇಜೂ ಇದೆ, ಆಧುನಿಕ ವೈದ್ಯಕೀಯ ಕಾಲೇಜೂ ಇದೆ. ಆ ಪಾದ್ರಿಯ ಸೇವೆಯ ಬಗೆಗೆ ಎರಡು ಮಾತಿಲ್ಲ. ಆದರೆ ಕೊಡುವ ಕೈಯ ಕರುಣೆ ಬೇರೆ, ಕೊಟ್ಟ ಮದ್ದಿನ ಗುಣ ಬೇರೆ. ಮೊದಲನೆಯದನ್ನು ಹೃದಯ ಅಳೆಯುತ್ತದೆ. ಎರಡನೆಯದನ್ನು ಪರೀಕ್ಷೆಯೇ ಅಳೆಯಬೇಕು.

ಈ ಪದ್ಧತಿಯ ಮೂಲಪುರುಷ ಜರ್ಮನಿಯ ಸಾಮ್ಯುಯೆಲ್ ಹಾನಿಮನ್ (೧೭೫೫–೧೮೪೩). ಆರೋಗ್ಯವಂತನಲ್ಲಿ ಯಾವ ವಸ್ತು ಯಾವ ಲಕ್ಷಣವನ್ನು ಹುಟ್ಟಿಸುವುದೋ, ಅದೇ ಲಕ್ಷಣವುಳ್ಳ ರೋಗಿಗೆ ಅದೇ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಮದ್ದಾಗುವುದೆಂಬುದು ಅವನ ಸೂತ್ರ. ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬುದು ತೊಗಲು ಹದಮಾಡುವ ಉದ್ಯಮದಲ್ಲಿ ಬಳಕೆಯಾದ ಕೇಸರಿಗೆಂಪು ಬಣ್ಣದ ಹರಳು, ಶುದ್ಧ ವಿಷ. ಅಂಟಂಟಾಗಿ ನೂಲಿನಂತೆ ಎಳೆಬರುವ ಕಫಕ್ಕೆ ಹೋಮಿಯೋಪಥಿ ವೈದ್ಯರು ಕೊಡುವುದು ಇದರಿಂದಾದ ಗುಳಿಗೆಯನ್ನೇ. ಯಂತ್ರದ ಮೇಲಿರುವ ಶ್ವಾಸಕೋಶದ ರೋಗಿಗೆ ದೊಡ್ಡ ಶತ್ರು ಆ ಕಫವೇ. ಕೊಳವೆಯಿರುವಾಗ ಚೆನ್ನಾಗಿ ಕೆಮ್ಮಲಾಗದು. ದಾದಿಯರು ಮತ್ತೆಮತ್ತೆ ಕಫವನ್ನು ಹೀರಿ ತೆಗೆಯಬೇಕು. ಅದು ಕಡಮೆಯಾಗದೆ ಕೊಳವೆಯನ್ನು ತೆಗೆಯಲು ವೈದ್ಯರಿಗೆ ಧೈರ್ಯ ಬರುವುದಿಲ್ಲ.

ವಿಷದ ಗುಳಿಗೆಯೆಂದು ಓದುಗರು ಬೆಚ್ಚಬೇಕಾಗಿಲ್ಲ. ಮೂಲವಸ್ತುವಿನ ಒಂದು ಪಾಲಿಗೆ ತೊಂಬತ್ತೊಂಬತ್ತು ಪಾಲು ದ್ರವ ಬೆರೆಸಿ ಕುಲುಕುವುದು ಮೊದಲ ಮೆಟ್ಟಿಲು. ಅದರಲ್ಲಿ ಒಂದು ಪಾಲನ್ನು ತೆಗೆದು ಮತ್ತೆ ತೊಂಬತ್ತೊಂಬತ್ತು ಪಾಲು ಬೆರೆಸಿದರೆ ಎರಡನೆಯದು. ಇಂಥ ೩೦ ಮೆಟ್ಟಿಲುಗಳನ್ನು ಏರಿದ್ದು ‘ಮೂವತ್ತನೆಯ ಶಕ್ತಿ’. ಆಲಮಟ್ಟಿಯ ಜಲಾಶಯ ತುಂಬಿದಾಗ ಅದರಲ್ಲಿ ನಿಲ್ಲುವ ನೀರು ಸುಮಾರು ೧೨೩ ಟಿ.ಎಂ.ಸಿ. ಆ ಸಮುದ್ರಕ್ಕೆ ಒಂದೇ ಒಂದು ಹನಿ ಔಷಧವನ್ನು ಹಾಕಿ ಕದಡಿದರೆ ದೊರೆಯುವುದು ಎಂಟನೆಯ ಮತ್ತು ಒಂಬತ್ತನೆಯ ಮೆಟ್ಟಿಲುಗಳ ನಡುವಿನ ದ್ರಾವಣ. ಮುಂದೆ ಇಪ್ಪತ್ತೊಂದಕ್ಕೂ ಹೆಚ್ಚು ಮೆಟ್ಟಿಲುಗಳು ಉಳಿದೇ ಇರುತ್ತವೆ. ರಸಾಯನಶಾಸ್ತ್ರದ ಲೆಕ್ಕದಂತೆ ಹನ್ನೆರಡನೆಯ ಮೆಟ್ಟಿಲು ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ಬಹಳ ಕಡಮೆ. ಹೋಮಿಯೋಪಥಿಯವರು ಇದನ್ನು ಅಲ್ಲಗಳೆಯುವುದಿಲ್ಲ. ಕುಲುಕುವಿಕೆಯಿಂದ ವಸ್ತುವಿನ ಶಕ್ತಿ ದ್ರವದಲ್ಲಿ ನೆಲೆಸುತ್ತದೆಂಬುದು ಅವರ ವಾದ. ವಾದಕ್ಕೆ ವಾದ ಹೂಡಿದರೆ ಸಂಜೆಯಾದೀತೇ ಹೊರತು ತೀರ್ಪಾಗದು.

ತೀರ್ಪು ಮಾಡುವ ದಾರಿಯನ್ನು ಜರ್ಮನಿಯ ನ್ಯೂರೆಂಬರ್ಗ್ ನಗರದವರು ೧೮೩೫ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ಅಡುಗೆಯ ಉಪ್ಪನ್ನು ಮೂವತ್ತನೆಯ ಶಕ್ತಿಗೇರಿಸಿ ಕೆಲವು ಸೀಸೆಗಳಿಗೂ, ಹಿಮ ಕರಗಿಸಿ ಬಟ್ಟಿಯಿಳಿಸಿದ ಬರಿಯ ನೀರನ್ನು ಮಿಕ್ಕವುಗಳಿಗೂ ತುಂಬಿ, ಸೀಸೆಗಳನ್ನು ಕಲಸಿ ಜನರಿಗೆ ಹಂಚಿದರು. ಯಾವುದು ಯಾವುದೆಂಬ ಪಟ್ಟಿಯನ್ನು ಮೊಹರು ಮಾಡಿಟ್ಟರು. ಕುಡಿದವನಿಗೂ ತಿಳಿಯದು, ಕೇಳಿ ಬರೆದುಕೊಂಡವನಿಗೂ ತಿಳಿಯದು. ವರದಿ ಕೊಟ್ಟ ೫೦ ಮಂದಿಯಲ್ಲಿ ೪೨ ಮಂದಿಗೆ ಏನೂ ಅನಿಸಿರಲಿಲ್ಲ. ಏನೋ ವಿಶೇಷ ಅನುಭವವಾಯಿತೆಂದ ಎಂಟು ಮಂದಿಯಲ್ಲಿ ಐವರು ಔಷಧ ಕುಡಿದವರು, ಮೂವರು ಬರಿಯ ನೀರು ಕುಡಿದವರು. ಫಲಿತಾಂಶಕ್ಕಿಂತ ದೊಡ್ಡದು ಅಲ್ಲಿ ಹುಟ್ಟಿದ ನ್ಯಾಯ: ಮದ್ದನ್ನು ತೂಗುವವನ ಕಣ್ಣಿಗೆ ಬಟ್ಟೆ ಕಟ್ಟಿರಬೇಕು.

ವಿಯೆನ್ನಾ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೈಕೆಲ್ ಫ್ರಾಸ್ ಮತ್ತು ಅವರ ಸಂಗಡಿಗರು ನಡೆಸಿದ ಪರೀಕ್ಷೆಯೂ ಇದೇ ನ್ಯಾಯವನ್ನು ಅನುಸರಿಸಿತು. ಅದರ ವರದಿ ೨೦೦೫ರಲ್ಲಿ ‘ಚೆಸ್ಟ್’ ಎಂಬ ಪ್ರಸಿದ್ಧ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಧೂಮಪಾನದ ಹಿನ್ನೆಲೆಯುಳ್ಳ, ದೀರ್ಘಕಾಲದ ಶ್ವಾಸಕೋಶದ ಬೇನೆಯಿಂದ ಯಂತ್ರದ ಆಸರೆ ಪಡೆದ ೫೦ ರೋಗಿಗಳನ್ನು ಚೀಟಿ ಎತ್ತಿದಂತೆ ಇಬ್ಭಾಗ ಮಾಡಿದರು. ೨೫ ಮಂದಿಗೆ ಮೂವತ್ತನೆಯ ಶಕ್ತಿಯ ಡೈಕ್ರೋಮೇಟ್ ಗುಳಿಗೆ, ೨೫ ಮಂದಿಗೆ ಅದರಂತೆಯೇ ಕಾಣುವ ಬರಿಯ ಗುಳಿಗೆ. ವಾಡಿಕೆಯ ಚಿಕಿತ್ಸೆ ಇಬ್ಬರಿಗೂ. ಔಷಧ ಪಡೆದವರಲ್ಲಿ ಕಫ ಕಡಮೆಯಾಯಿತು, ಕೊಳವೆಯನ್ನು ಬೇಗ ತೆಗೆಯಲಾಯಿತು. ಅವರು ಘಟಕದಲ್ಲಿದ್ದದ್ದು ಸರಾಸರಿ ೪.೨೦ ದಿನ, ಮಿಕ್ಕವರು ೭.೬೮ ದಿನ.

ಮೂರೂವರೆ ದಿನದ ಉಳಿತಾಯ! ಯಾವ ಮನೆಗಾದರೂ ಅದು ಸಣ್ಣ ಮಾತಲ್ಲ. ಅದರ ಮೇಲೆ ಇನ್ನೊಂದು ವಿಶೇಷ. ಗುಳಿಗೆ ನುಂಗಿದೆನೆಂಬ ಭರವಸೆಯಿಂದಲೇ ಅರ್ಧ ಗುಣ ಕಾಣುವುದುಂಟು. ಮಂಪರಿನಲ್ಲಿ ಮಲಗಿದವನಿಗೆ ಆ ಭರವಸೆ ಎಲ್ಲಿಯದು? ಹೋಮಿಯೋಪಥಿಯ ಪಕ್ಷದವರು ಈ ಪರೀಕ್ಷೆಯನ್ನು ಎತ್ತಿಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ೨೦೦೭ರಲ್ಲಿ ಅದೇ ಪತ್ರಿಕೆಯಲ್ಲಿ ಲಂಡನ್ನಿನ ಔಷಧವಿಜ್ಞಾನಿ ಡೇವಿಡ್ ಕೋಲ್‌ಕ್ಹೂನ್ ಒಂದು ಆಕ್ಷೇಪವನ್ನು ಎತ್ತಿದರು. ಪರೀಕ್ಷೆ ಮೊದಲಾಗುವುದಕ್ಕೆ ಮುನ್ನವೇ ಬರಿಯ ಗುಳಿಗೆಯ ಗುಂಪಿನವರ ಕಾಯಿಲೆ ಹೆಚ್ಚು ಉಲ್ಬಣವಾಗಿತ್ತು, ಎರಡು ಗುಂಪುಗಳು ಸರಿಸಮಾನವಾಗಿರಲಿಲ್ಲ, ಎಂಬುದೇ ಅದು. ವಿಜಯಪುರ ಸೀಮೆಯ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಬೀಜವನ್ನು ಡೋಣಿ ದಂಡೆಯ ಎರೆಯಲ್ಲಿ ಬಿತ್ತಿ, ಹಳೆಯ ಬೀಜವನ್ನು ಮಡ್ಡಿಯಲ್ಲಿ ಬಿತ್ತಿ, ಸುಗ್ಗಿಯಲ್ಲಿ ಚೀಲಗಳನ್ನೆಣಿಸಿ ಹೊಸದೇ ಗೆದ್ದಿತೆಂದರೆ ಯಾರು ಒಪ್ಪುತ್ತಾರೆ? ಗೆದ್ದದ್ದು ಬೀಜವೋ ನೆಲವೋ? ವಿಯೆನ್ನಾದಲ್ಲಿ ಯಾರೂ ಬೇಕೆಂದು ಹಾಗೆ ಬಿತ್ತಲಿಲ್ಲ. ಚೀಟಿಯೇ ಹಾಗೆ ಬಿದ್ದಿತು. ಸಾವಿರ ಚೀಟಿ ಎತ್ತಿದರೆ ಎರೆಯೂ ಮಡ್ಡಿಯೂ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತವೆ. ಐವತ್ತೇ ಆದರೆ ವಾಲುವುದುಂಟು. ಮಂಪರಿನ ರೋಗಿಗೆ ಭರವಸೆಯ ಮೋಸವಿಲ್ಲ, ನಿಜ. ಎಣಿಕೆಯ ಮೋಸ ಮಾತ್ರ ಅವನಿಗೂ ತಪ್ಪಿದ್ದಲ್ಲ.

ಇದಕ್ಕೆ ಪರಿಹಾರ ಒಂದೇ: ಬೇರೆ ಊರು, ಬೇರೆ ವೈದ್ಯರು, ಹೆಚ್ಚು ರೋಗಿಗಳು, ಅದೇ ಪರೀಕ್ಷೆ. ಹಾಗೆ ಗೆದ್ದುಬಂದ ಒಂದು ಉಪಾಯ ನಮ್ಮ ಕಾಲದಲ್ಲಿಯೇ ಇದೆ. ಅದು ಗುಳಿಗೆಯೂ ಅಲ್ಲ. ಯಂತ್ರದ ಮೇಲಿರುವ ರೋಗಿಯನ್ನು ದಿನವೂ ತಪಾಸಿಸಿ, ಯೋಗ್ಯನೆಂದು ಕಂಡರೆ ವೈದ್ಯರ ಎದುರಿನಲ್ಲಿಯೇ ಸ್ವಲ್ಪಹೊತ್ತು ಸ್ವಂತ ಉಸಿರಾಟಕ್ಕೆ ಬಿಟ್ಟುನೋಡುವುದು. ೧೯೯೬ರಲ್ಲಿ ಅಮೆರಿಕದಲ್ಲಿ ೩೦೦ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದಾಗ ಯಂತ್ರದ ಅವಧಿಯ ಮಧ್ಯಮ ಲೆಕ್ಕ ೬ ದಿನದಿಂದ ೪.೫ ದಿನಕ್ಕಿಳಿಯಿತು. ೨೦೦೮ರಲ್ಲಿ ನಾಲ್ಕು ಆಸ್ಪತ್ರೆಗಳ ೩೩೬ ರೋಗಿಗಳಲ್ಲಿ, ಇದರ ಜೊತೆಗೆ ಮಂಪರಿನ ಮದ್ದನ್ನೂ ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿ ನೋಡಿದರು. ೨೮ ದಿನಗಳಲ್ಲಿ ಯಂತ್ರವಿಲ್ಲದೆ ಉಸಿರಾಡಿದ ದಿನಗಳು ಸರಾಸರಿ ೧೧.೬ರಿಂದ ೧೪.೭ಕ್ಕೇರಿದವು. ಇಲ್ಲಿಯೂ ಉಳಿದದ್ದು ಮೂರು ದಿನವೇ. ವ್ಯತ್ಯಾಸವೆಂದರೆ ಈ ಮೂರು ದಿನಗಳು ಮರುಪರೀಕ್ಷೆಯ ಬೆಂಕಿ ಹಾಯ್ದು ಬಂದವು. ಇಂದು ತೀವ್ರ ನಿಗಾ ಚಿಕಿತ್ಸೆಯ ವಾಡಿಕೆಯಲ್ಲಿ ಸೇರಿಹೋಗಿವೆ. ಡೈಕ್ರೋಮೇಟಿನ ಗುಳಿಗೆ ಸೇರಿಲ್ಲ. ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯ ಸಂಶೋಧನ ಮಂಡಳಿ ಹೋಮಿಯೋಪಥಿಯ ಪರೀಕ್ಷೆಗಳನ್ನೆಲ್ಲ ಕಲೆಹಾಕಿ ಪರಿಶೀಲಿಸಿ, ಯಾವ ಕಾಯಿಲೆಗೂ ಅದು ಫಲಕಾರಿಯೆನ್ನಲು ನಂಬತಕ್ಕ ಆಧಾರವಿಲ್ಲವೆಂದು ೨೦೧೫ರಲ್ಲಿ ಪ್ರಕಟಿಸಿತು.

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಸಂಶಯಪಿಶಾಚಿಗಳಾಗಲೆಂದಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇರುವ ನಂಟನ್ನು ಒಂದೇ ನೋಟಕ್ಕೆ ಕಟ್ಟಬಾರದೆಂದು. ವಿಯೆನ್ನಾದ ವೈದ್ಯರು ಪರೀಕ್ಷೆಗೆ ಮುಂದಾದದ್ದು ತಪ್ಪಲ್ಲ. ಪರೀಕ್ಷೆಗೆ ಒಡ್ಡದ ಮದ್ದಿಗಿಂತ ಒಡ್ಡಿದ ಮದ್ದು ಲೇಸು. ಒಂದೇ ಪರೀಕ್ಷೆಯನ್ನು ಕಡೆಯ ತೀರ್ಪೆಂದು ಬಗೆದು ಸಂಕಟದಲ್ಲಿರುವವರ ಮುಂದೆ ಹಿಡಿಯುವುದೇ ತಪ್ಪು.

ತೀವ್ರ ನಿಗಾ ಘಟಕದ ಹೊರಗೆ ಕುಳಿತ ಬಂಧುಗಳು ಎರಡು ಮಾತುಗಳನ್ನು ನೆನಪಿಡುವುದು ಒಳ್ಳೆಯದು. ವೈದ್ಯರ ಕಣ್ಣು ತಪ್ಪಿಸಿ ರೋಗಿಯ ಬಾಯಿಗೆ ಏನನ್ನೂ ಹಾಕಬಾರದು. ಕೊಳವೆಯಿರುವ ಗಂಟಲು ನುಂಗಲಾರದು, ಬಾಯಿಗೆ ಬಿದ್ದದ್ದು ಶ್ವಾಸಕೋಶಕ್ಕೆ ಇಳಿದೀತು. ಕೊಡಬೇಕೆಂಬ ಆಸೆ ಬಲವಾಗಿದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಎರಡನೆಯದು ಒಂದು ಪ್ರಶ್ನೆ. ಅದನ್ನು ಕೇಳಲು ಓದು ಬೇಕಿಲ್ಲ, ಹಣ ಬೇಕಿಲ್ಲ, ಬೆಳಗಿನ ಭೇಟಿಯಲ್ಲಿ ವಿನಯದಿಂದ ಕೇಳಿದರೆ ಯಾವ ವೈದ್ಯರೂ ಬೇಸರಿಸಲಾರರು: “ಸಾಹೇಬರ, ಇವತ್ತು ನಮ್ಮ ಅಪ್ಪಾರನ್ನ ತಾವೇ ಉಸಿರಾಡಲಿಕ್ಕೆ ಬಿಟ್ಟು ನೋಡಲಿಕ್ಕೆ ಆಗ್ತದೇನ್ರಿ?”