ವಿಜ್ಞಾನದ ಊಟಕ್ಕೂ ಪಂಕ್ತಿಭೇದವೇ?

ಹೈಸ್ಕೂಲು ಮಕ್ಕಳಿಗೆ ವಿಜ್ಞಾನವನ್ನು ಎರಡು ಮಟ್ಟಗಳಲ್ಲಿ ಕಲಿಸಬೇಕೆಂಬ ಮಾತು ದಿಲ್ಲಿಯಿಂದ ಬಂದಿದೆ. ಒಂದು ಸಾಧಾರಣ ಮಟ್ಟ, ಇನ್ನೊಂದು ಉನ್ನತ ಮಟ್ಟ. ಗಣಿತದಿಂದ ಆರಂಭಿಸಿ ಎಲ್ಲ ವಿಷಯಗಳನ್ನೂ ಹೀಗೆ ಎರಡು ಮಟ್ಟಗಳಲ್ಲಿ ಕೊಡಬಹುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಗಣಿತದಲ್ಲಿ ಕೇಂದ್ರ ಮಂಡಳಿ, ಅಂದರೆ ಸಿಬಿಎಸ್‌ಇ, 2020ರ 10ನೆಯ ತರಗತಿಯ ಪರೀಕ್ಷೆಯಿಂದಲೇ ಇದನ್ನು ಜಾರಿಗೆ ತಂದಿತು. ವಿಜ್ಞಾನಕ್ಕೂ ಸಮಾಜ ವಿಜ್ಞಾನಕ್ಕೂ ಇದನ್ನೇ ವಿಸ್ತರಿಸುವ ಯೋಜನೆ 2024ರ ಕೊನೆಗೆ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಇದು ದಿಲ್ಲಿ, ಬೆಂಗಳೂರಿನ ದೊಡ್ಡ ಶಾಲೆಗಳ ಮಾತು, ಹಂಸಭಾವಿ, ಹಿರೇಕೆರೂರಿನವರಾದ ನಮಗೇನು ಎಂದು ಯಾರೂ ತಿಳಿಯಬಾರದು. ನಮ್ಮ ಹತ್ತನೆಯ ತರಗತಿಯ ಮಕ್ಕಳು ಓದುವ ವಿಜ್ಞಾನದ ಪಠ್ಯವೂ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಅನುಸರಿಸಿದ್ದು. ಅಲ್ಲಿ ಬಿತ್ತಿದ್ದು ಇಲ್ಲಿ ಮೊಳೆಯಲು ಬಹಳ ದಿನ ಬೇಕಾಗುವುದಿಲ್ಲ. ರಾಜ್ಯ ಸರಕಾರ ತನ್ನದೇ ಶಿಕ್ಷಣ ನೀತಿಗಾಗಿ ನೇಮಿಸಿದ ಸುಖದೇವ ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ವರದಿ ಒಪ್ಪಿಸಿದೆ. ಹೈಸ್ಕೂಲಿನ ವಿಜ್ಞಾನ ಹೇಗಿರಬೇಕೆಂದು ಪಾಲಕರು ಬಾಯಿ ಬಿಟ್ಟು ಹೇಳಬೇಕಾದ ಕಾಲ ಇದೇ.

ಎರಡು ಮಟ್ಟದ ಪರವಾಗಿ ಹೇಳುವವರ ಮಾತನ್ನು ಮೊದಲು ನ್ಯಾಯವಾಗಿ ಕೇಳೋಣ. ಎಲ್ಲ ಮಕ್ಕಳ ಒಲವು ಒಂದೇ ಅಲ್ಲ ಎನ್ನುತ್ತಾರೆ, ನಿಜ. ವಿಜ್ಞಾನ, ಗಣಿತಗಳ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ನಾಪಾಸಾಗಿ ಶಾಲೆ ಬಿಡುತ್ತಾರೆ ಎನ್ನುತ್ತಾರೆ; ಅದೂ ನಿಜ. ಮುಂದೆ ಅಂಗಡಿ ನಡೆಸುವವನಿಗೆ, ಹೊಲಿಗೆ ಕಲಿಯುವವಳಿಗೆ ರಾಸಾಯನಿಕ ಸಮೀಕರಣ ಏತಕ್ಕೆ, ಹಗುರ ಪರೀಕ್ಷೆ ಕೊಟ್ಟರೆ ಅದು ದಯೆಯಲ್ಲವೇ ಎಂದು ಕೇಳುತ್ತಾರೆ. ನಾವು ಒಪ್ಪದಿರುವುದು ಈ ಕೊನೆಯ ಮಾತನ್ನು.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರುವವನನ್ನು ಕೇಳಿರಿ. ಕಾಯಿಯ ಬೆಲೆ ಅದರ ಖಾರದ ಮೇಲಲ್ಲ, ಕೆಂಪು ಬಣ್ಣದ ಮೇಲೆ ನಿಂತಿದೆ. ಆ ಬಣ್ಣವನ್ನು ತೆಗೆದು ಎಣ್ಣೆಯ ರೂಪದಲ್ಲಿ ಪರದೇಶಕ್ಕೆ ಕಳಿಸುವ ಉದ್ಯಮವಿದೆ; ಬಣ್ಣವನ್ನು ಅಂಕಿಯಲ್ಲಿ ಅಳೆಯುವ ಪ್ರಯೋಗಶಾಲೆಗಳಿವೆ. ಗೋವಿನಜೋಳ ತಂದ ರೈತನನ್ನು ಕೇಳಿರಿ. ಬೆಂಬಲ ಬೆಲೆಗೆ ತೇವಾಂಶ ಶೇಕಡಾ 14ರೊಳಗೆ ಇರಬೇಕು. ಖರೀದಿದಾರ ಕೈಯಲ್ಲೊಂದು ಯಂತ್ರ ಹಿಡಿದು ‘ಇಷ್ಟು ಹಸಿ ಇದೆ’ ಎಂದು ತೂಕದಲ್ಲಿ ಕಡಿತ ಮಾಡುತ್ತಾನೆ. ಕಾಳಿನಲ್ಲಿ ನೀರು ಹೆಚ್ಚಿದಂತೆ ಅದರ ವಿದ್ಯುತ್ ಗುಣ ಬದಲಾಗುತ್ತದೆ, ಯಂತ್ರ ಅಳೆಯುವುದು ಅದನ್ನು, ಯಂತ್ರವನ್ನು ಆಗಾಗ ಸರಿಪಡಿಸದಿದ್ದರೆ ಅಂಕಿ ತಪ್ಪುತ್ತದೆ ಎಂದು ಬಲ್ಲ ಮಗ ಜೊತೆಗಿದ್ದರೆ ತಂದೆ ಸುಮ್ಮನೆ ತಲೆಯಾಡಿಸಬೇಕಾಗಿಲ್ಲ.

ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಗಾಳಿ ಒಣಗಿದ ದಿನ ನೂಲು ಹೆಚ್ಚು ಹರಿಯುತ್ತದೆ. ಹತ್ತಿಯ ಎಳೆ ತೇವವನ್ನು ಹೀರಿದಾಗ ಬಲಿಯುತ್ತದೆ, ಅದಕ್ಕಾಗಿಯೇ ನೂಲುವ ಖಾತೆಯಲ್ಲಿ ಗಾಳಿಗೆ ನೀರಿನ ಹನಿ ಸೇರಿಸುತ್ತಾರೆ. ನೂಲು ಹರಿದದ್ದಕ್ಕೆ ಬೈಗುಳ ತಿನ್ನುವವನು ಒಬ್ಬ, ಏಕೆ ಹರಿಯಿತೆಂದು ಬಲ್ಲವನು ಇನ್ನೊಬ್ಬ. ಇಬ್ಬರ ಪಗಾರದ ಅಂತರ ಎಷ್ಟೆಂದು ಕಾರ್ಮಿಕರಿಗೆ ಗೊತ್ತು.

ನಮ್ಮ ಸೀಮೆಯ ಇನ್ನೊಂದು ಉದಾಹರಣೆ ಇನ್ನೂ ಮನಮುಟ್ಟುವಂಥದು. 1972ರಲ್ಲಿ ಧಾರವಾಡದಲ್ಲಿ ‘ವರಲಕ್ಷ್ಮಿ’ ಎಂಬ ಮಿಶ್ರತಳಿ ಹತ್ತಿ ಸಿದ್ಧವಾಯಿತು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ತಳಿ ಅದು. ಅಂಥ ಬೀಜ ಮಾಡಬೇಕಾದರೆ ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು ಮುಟ್ಟಿಸಬೇಕು. ರಾಣೆಬೆನ್ನೂರು, ಹಿರೇಕೆರೂರು ಕಡೆಯ ಹೊಲಗಳಲ್ಲಿ ಈ ಕ್ರಾಸಿಂಗ್ ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಎಷ್ಟು ಮಂದಿ! ಹೂವಿನ ಹೆಣ್ಣು ಗಂಡು ಭಾಗಗಳನ್ನು ಅವರು ಬೆರಳ ತುದಿಯಲ್ಲಿ ಬಲ್ಲರು. ಅದೇ ಪಾಠ ಹತ್ತನೆಯ ತರಗತಿಯ ಪುಸ್ತಕದಲ್ಲೂ ಇದೆ. ಕೂಲಿಗೆ ಬಂದಾಗ ಈ ಶಾಸ್ತ್ರ ಅವರಿಗೆ ಕಠಿಣವಲ್ಲ, ಶಾಲೆಗೆ ಬಂದಾಗ ಮಾತ್ರ ಕಠಿಣ ಎಂದರೆ ಯಾರು ನಂಬಬೇಕು?

ಈಗ ಗಣಿತದಲ್ಲಿ ಆದದ್ದನ್ನು ನೋಡೋಣ. ಕೇಂದ್ರ ಮಂಡಳಿಯ ಎರಡು ಮಟ್ಟಗಳಲ್ಲಿ ಪಠ್ಯ ಒಂದೇ, ವರ್ಷವಿಡೀ ನಡೆಯುವ ಪಾಠವೂ ಒಂದೇ. ಕೊನೆಯ ಪ್ರಶ್ನಪತ್ರಿಕೆ ಮಾತ್ರ ಬೇರೆ. ಹಗುರ ಪತ್ರಿಕೆ ಬರೆದವನು ಹನ್ನೊಂದನೆಯ ತರಗತಿಯಲ್ಲಿ ಗಣಿತ ತೆಗೆದುಕೊಳ್ಳುವಂತಿಲ್ಲ, ಬೇಕಾದರೆ ಕಠಿಣ ಪತ್ರಿಕೆಯನ್ನು ಮತ್ತೆ ಬರೆದು ಪಾಸಾಗಬೇಕು ಎಂಬುದು ಮೊದಲ ನಿಯಮ. ಆಮೇಲೆ ಈ ನಿಯಮವನ್ನು ಮಂಡಳಿಯೇ ಸಡಿಲಿಸಬೇಕಾಯಿತು. ಹದಿನೈದು ವರ್ಷದ ಮಗುವಿನ ಮುಂದೆ ಬಾಗಿಲು ಮುಚ್ಚುವುದು ತಪ್ಪೆಂದು ಮಂಡಳಿಗೇ ತೋರಿದ ಮೇಲೆ, ವಿಜ್ಞಾನಕ್ಕೂ ಅಂಥದೇ ಬಾಗಿಲನ್ನು ಏತಕ್ಕೆ ಕೂಡಿಸಬೇಕು?

ಬಾಗಿಲು ಮುಚ್ಚಿದರೆ ನಷ್ಟ ಯಾರಿಗೆ? ಐಟಿಐಯಲ್ಲಿ ಎಲೆಕ್ಟ್ರಿಶಿಯನ್, ಫಿಟ್ಟರ್ ಕಲಿಯಲು ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಬೇಕು. ಪಾಲಿಟೆಕ್ನಿಕ್ಕಿಗೂ ಅವೇ ಬೇಕು. ಶ್ರೀಮಂತರ ಮಗ ದಾರಿ ತಪ್ಪಿದರೆ ಟ್ಯೂಶನ್ ಇಟ್ಟು, ಡೊನೇಶನ್ ಕೊಟ್ಟು ಮತ್ತೆ ದಾರಿಗೆ ಹಚ್ಚುತ್ತಾರೆ. ಹಮಾಲಿ ಮಾಡುವವನ ಮಗಳಿಗೆ ಹತ್ತನೆಯ ತರಗತಿಯ ಅಂಕಪಟ್ಟಿಯೇ ಮೊದಲನೆಯ ಮತ್ತು ಕೊನೆಯ ಟಿಕೀಟು. ಅದರ ಮೇಲೆ ‘ಸಾಧಾರಣ’ ಎಂಬ ಮುದ್ರೆ ಬಿದ್ದರೆ ಜನ್ಮವಿಡೀ ಅಳಿಸದು.

ಮಟ್ಟವನ್ನು ಆರಿಸುವವರು ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಮಗುವೇ ಆರಿಸುತ್ತದೆ ಎಂದು ಕಾಗದದ ಮೇಲೆ ಬರೆಯುತ್ತಾರೆ. ಆದರೆ ಶಾಲೆಯ ಹೆಸರು ನಿಂತಿರುವುದು ಪಾಸಾದವರ ಶೇಕಡಾವಾರಿನ ಮೇಲೆ. ಫಲಿತಾಂಶ ಕಡಿಮೆಯಾದರೆ ಮುಖ್ಯೋಪಾಧ್ಯಾಯರಿಗೆ ನೋಟೀಸು ಬರುತ್ತದೆ. ಅಂಥ ಭಯದಲ್ಲಿರುವ ಮಾಸ್ತರರು ಹಿಂದಿನ ಬೆಂಚಿನ ಮಗುವಿಗೆ ‘ನೀನು ಹಗುರದ್ದು ಬರೆ’ ಎನ್ನದೆ ಇನ್ನೇನು ಹೇಳಿಯಾರು? ಆ ಬೆಂಚಿನಲ್ಲಿ ಯಾರ ಮನೆಯ ಮಕ್ಕಳು ಕೂತಿರುತ್ತಾರೆಂದು ಓದುಗರು ಬಲ್ಲರು. ಹಿಂದೆ ಊಟದ ಪಂಕ್ತಿಯಲ್ಲಿ ಭೇದ ಮಾಡುತ್ತಿದ್ದವರು ಕುಲ ಕೇಳುತ್ತಿದ್ದರು. ಈಗ ಕುಲ ಕೇಳಬೇಕಾಗಿಲ್ಲ. ಮಟ್ಟ ಕೇಳಿದರೆ ಸಾಕು, ಪಂಕ್ತಿ ತಾನಾಗಿ ಬೇರೆಯಾಗುತ್ತದೆ.

ಈ ಪಾಠವನ್ನು ದೇಶ ಒಮ್ಮೆ ಕಲಿತಿತ್ತು. 1952–53ರ ಮುದಲಿಯಾರ್ ಆಯೋಗ ಹೈಸ್ಕೂಲಿನಲ್ಲೇ ವಿಜ್ಞಾನ, ವಾಣಿಜ್ಯ, ಕೃಷಿ, ತಾಂತ್ರಿಕ ಎಂದು ಕವಲುಗಳನ್ನು ಸೂಚಿಸಿತು. 1964–66ರ ಕೊಠಾರಿ ಆಯೋಗ ಅದನ್ನು ತಿದ್ದಿ, ಮೊದಲ ಹತ್ತು ವರ್ಷ ಎಲ್ಲ ಮಕ್ಕಳಿಗೂ ವಿಜ್ಞಾನ, ಗಣಿತ ಕಡ್ಡಾಯವಾಗಬೇಕೆಂದು ಹೇಳಿತು. ಕೊಠಾರಿಯವರು ಸ್ವತಃ ಭೌತವಿಜ್ಞಾನಿ.

ಹೊರದೇಶಗಳನ್ನು ನೋಡಿದರೂ ಅಷ್ಟೆ. ಇಂಗ್ಲೆಂಡಿನಲ್ಲಿ ಜಾಣರಿಗೆ ಒಂದು ಪರೀಕ್ಷೆ, ಉಳಿದವರಿಗೆ ಇನ್ನೊಂದು ಎಂದಿತ್ತು. 1988ರಲ್ಲಿ ಎರಡನ್ನೂ ಕೂಡಿಸಿ ಒಂದೇ ಮಾಡಿದರು. ಆದರೂ ವಿಜ್ಞಾನದಲ್ಲಿ ಕೆಳಗಿನ, ಮೇಲಿನ ಪತ್ರಿಕೆಗಳು ಉಳಿದವು. 9 ದರ್ಜೆಗಳ ಏಣಿಯಲ್ಲಿ ಕೆಳಗಿನ ಪತ್ರಿಕೆ ಬರೆದ ಮಗು ಎಷ್ಟು ಚೆನ್ನಾಗಿ ಬರೆದರೂ 5ರ ಮೇಲೆ ಏರುವಂತಿಲ್ಲ. ಫಿನ್ಲೆಂಡಿನ ಸಾರ್ವತ್ರಿಕ ಶಾಲೆಗಳಲ್ಲಿಯೂ ಗಣಿತ, ಪರಭಾಷೆಗಳಿಗೆ ಮಟ್ಟಗಳಿದ್ದವು, 1985ರಲ್ಲಿ ತೆಗೆದುಹಾಕಿದರು. 2006ರ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಮೊದಲ ಸ್ಥಾನ ಆ ದೇಶದ್ದೇ. ಮಟ್ಟ ತೆಗೆದದ್ದೊಂದರಿಂದಲೇ ಹೀಗಾಯಿತೆಂದು ನಾವು ಹೇಳುವುದಿಲ್ಲ. ಅಲ್ಲಿ ಶಿಕ್ಷಕರ ತರಬೇತಿಯೂ ಉತ್ತಮ. ಆದರೆ ಎಲ್ಲರಿಗೂ ಒಂದೇ ವಿಜ್ಞಾನ ಕಲಿಸಿದರೆ ಜಾಣರು ಹಿಂದೆ ಬೀಳುತ್ತಾರೆಂಬ ಹೆದರಿಕೆ ಸುಳ್ಳೆಂದು ಇದರಿಂದ ತಿಳಿಯುತ್ತದೆ.

ನಮ್ಮ ನಾಡಿನಲ್ಲೇ ಎಚ್. ನರಸಿಂಹಯ್ಯನವರಿದ್ದರು. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯ ಹುಡುಗ 1935ರಲ್ಲಿ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಹುಡುಗನ ಮೈಮೇಲಿನ ಬಟ್ಟೆ ನೋಡಿ ಯಾರಾದರೂ ಅಂದು ‘ಸಾಧಾರಣ ಮಟ್ಟ’ ಎಂದು ಬರೆದಿದ್ದರೆ?

ನಿಜ ಹೇಳಬೇಕೆಂದರೆ ಮಟ್ಟಗಳು ಈಗಾಗಲೇ ಇವೆ. ಸರಕಾರಿ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಮತ್ತು ಗಣಿತಕ್ಕೆ ಒಬ್ಬರು, ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಇನ್ನೊಬ್ಬರು ಇರಬೇಕು. ಒಂದು ಹುದ್ದೆ ಖಾಲಿ ಬಿದ್ದರೆ ಇರುವ ಒಬ್ಬರೇ ಎಲ್ಲವನ್ನೂ ಎಳೆಯಬೇಕು. ಪ್ರಯೋಗದ ಸಾಮಾನು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದರೆ ಮಕ್ಕಳು ಆಮ್ಲವನ್ನು ಚಿತ್ರದಲ್ಲಿ ನೋಡಿ ತೃಪ್ತಿಪಡಬೇಕು. ಪಿಯುಸಿಗೆ ಹೋದರೆ ವಿಜ್ಞಾನವೆಂದರೆ ಇಂಗ್ಲಿಷ್ ಎಂಬಂತಾಗಿದೆ. ಕನ್ನಡದಲ್ಲಿ ಹತ್ತು ವರ್ಷ ಕಲಿತ ಮಗು ಅಲ್ಲಿ ಮೊದಲ ದಿನವೇ ಮೂಕವಾಗುತ್ತದೆ. ಇಷ್ಟನ್ನೂ ಹಾಗೆಯೇ ಬಿಟ್ಟು ಪರೀಕ್ಷೆಯಲ್ಲಿ ಎರಡು ಮಟ್ಟ ಮಾಡಹೊರಟದ್ದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತಾಯಿತು. ಕಲಿಸದೆ ಬಿಟ್ಟದ್ದು ಸರಕಾರ. ಕಡಿಮೆ ಮಟ್ಟದ ಮುದ್ರೆ ಮಗುವಿನ ಹಣೆಗೆ!

ಹಾಗಾದರೆ ಹೆಚ್ಚು ಕಲಿಯಬಲ್ಲ ಮಗುವನ್ನು ತಡೆಯಬೇಕೇ? ಬೇಡವೇ ಬೇಡ. ಎಲ್ಲರಿಗೂ ಒಂದೇ ಪೂರ್ಣ ವಿಜ್ಞಾನವಿರಲಿ. ಅದರ ಮೇಲೆ ಹೆಚ್ಚಿನ ಪಾಠ ಬೇಕೆಂದವರಿಗೆ ಅದೇ ಶಾಲೆಯಲ್ಲಿ, ಫೀ ಇಲ್ಲದೆ, ಬಂದವರೆಲ್ಲರಿಗೂ ಬಾಗಿಲು ತೆರೆದು ಕಲಿಸಲಿ. ಅಂಕಪಟ್ಟಿಯಲ್ಲಿ ಕೆಳಮಟ್ಟದ ಗುರುತು ಬೇಡ. ಹಿಂದೆ ಬಿದ್ದ ಮಗುವಿಗೆ ಪರೀಕ್ಷೆ ಹಗುರ ಮಾಡುವ ಬದಲು ಸಂಜೆ ಒಂದು ತಾಸು ಹೆಚ್ಚಿನ ಪಾಠ ಕೊಡಲಿ, ಕಲಿಸಿದವರಿಗೆ ಸಂಬಳ ಕೊಡಲಿ. ಖಾಲಿ ಹುದ್ದೆ ತುಂಬಲಿ. ಪಿಯುಸಿ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವ ತರಗತಿ ತಾಲೂಕಿಗೆ ಒಂದಾದರೂ ಇರಲಿ.

ಹಂಸಭಾವಿಗೆ ವಿದ್ಯೆಯ ಹೆಸರು ಹೊಸದಲ್ಲ. ಮೃತ್ಯುಂಜಯ ವಿದ್ಯಾಪೀಠವಿರುವ ಊರು ಇದು. ಇಲ್ಲಿಯ ಪಾಲಕರೂ ಸುತ್ತಲಿನ ಹಳ್ಳಿಗಳವರೂ ಮುಂದಿನ ಎಸ್‌ಡಿಎಂಸಿ ಸಭೆಗೆ ಒಂದು ದಿನದ ಕೂಲಿ ಬಿಟ್ಟಾದರೂ ಹೋಗಬೇಕು. ವಿಜ್ಞಾನಕ್ಕೆ ಎಷ್ಟು ಜನ ಮಾಸ್ತರರಿದ್ದಾರೆ, ಈ ವರ್ಷ ಮಕ್ಕಳು ತಮ್ಮ ಕೈಯಿಂದ ಎಷ್ಟು ಪ್ರಯೋಗ ಮಾಡಿದರು ಎಂಬ ಎರಡು ಪ್ರಶ್ನೆ ಕೇಳಬೇಕು, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಬೇಕು. ಬರೆದ ಉತ್ತರದ ನಕಲು ನಮ್ಮ ಕಚೇರಿಗೆ ಬರಲಿ. ಅವನ್ನೆಲ್ಲ ಕೂಡಿಸಿ ಜಿಲ್ಲಾ ಶಿಕ್ಷಣಾಧಿಕಾರಿಗಳ ಮೇಜಿನ ಮೇಲೆ ಇಡುವ ಕೆಲಸ ನಮ್ಮದು.