ಜೇಡಕ್ಕೆ ಬಂಗಲೆ ಬೇಡ

ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ನಮ್ಮಣ್ಣ ಮೆಕ್ಸಿಕೋದ ಕೆಂಪು ಮಂಡಿಯ ಟರಂಟುಲಾ ಜೇಡ ಸಾಕಿದ್ದಾನೆ. ಮೊದಲು ತಂದದ್ದು 2 ಅಡಿ ಎತ್ತರದ ಗಾಜಿನ ಪೆಟ್ಟಿಗೆ, ಒಳಗೆ ಬಣ್ಣದ ದೀಪ. ವಿಡಿಯೊ ಕಾಲ್‌ನಲ್ಲಿ ನೋಡಿ ನಾವೆಲ್ಲ ‘ಸೂಪರ್’ ಎಂದೆವು. ಆದರೆ ಇದು ನೆಲದ ಬಿಲದಲ್ಲಿ ಬದುಕುವ ಜೇಡ. ಗಾಜು ಹತ್ತಿ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. 4–5 ಇಂಚು ಕೋಕೊಪೀಟ್, ಅಡಗಲು ಮರದ ತೊಗಟೆ, ನೀರಿನ ಪುಟ್ಟ ಬಟ್ಟಲು, ಗಾಳಿಯಾಡುವ ಭದ್ರ ಮುಚ್ಚಳ ಇದ್ದರಾಯಿತು. ಕೋಕೊಪೀಟಿನಿಂದ ಮುಚ್ಚಳದವರೆಗೆ, ಅದು ಕಾಲು ಚಾಚಿದಷ್ಟರ ಒಂದೂವರೆ ಪಟ್ಟು ಎತ್ತರ ಸಾಕು. ಈಗ ಪೆಟ್ಟಿಗೆ ಬದಲಾಗಿದೆ. ‘ಜೇಡ ಹೊರಗೇ ಬರಲ್ಲ’ ಅಂತ ಅಣ್ಣನ ಗೊಣಗಾಟ. ಪ್ರದರ್ಶನ ಕೊಡಲು ಅದೇನು ಬಂದಿದೆಯೇ? ಹೆಣ್ಣು ಜೇಡ 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಕೆಲಸ ಹುಡುಕುತ್ತ ಊರೂರು ಅಲೆಯುವಾಗ ಆ ಪೆಟ್ಟಿಗೆ ಯಾರ ಮನೆಯಲ್ಲಿರುತ್ತೆ? ಪೆಟ್ಟಿಗೆ ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕಿತ್ತು ಎಂಬುದು ನನ್ನ ವಾದ. ಕೇಳಿದರೆ ಅಣ್ಣ ಮಾತು ಬದಲಿಸುತ್ತಾನೆ.