ಕೆರೆಗೆ ಸಮುದ್ರವೆಂದು ಹೆಸರಿಟ್ಟವರು ಕಡಲಿಗೆ ಹೋದಾಗ



ಯುಗಾದಿ ಕಳೆದು ಮಕ್ಕಳ ಪರೀಕ್ಷೆಗಳು ಮುಗಿದವೆಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಹುಟ್ಟುತ್ತದೆ: ಈ ಸಲ ಗೋಕರ್ಣ, ಮುರುಡೇಶ್ವರ ನೋಡಿ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಸುಡುವಾಗ ಕಡಲ ತಂಪು ನೆನಪಾಗುವುದು ಸಹಜವೇ ಆಗಿದೆ. ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟ ಇಳಿದು, ಮೊದಲ ಬಾರಿಗೆ ನೀಲಿ ಅಂಚನ್ನು ಕಾಣುವ ಮಗುವಿನ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಹೋಗಬೇಡಿರೆಂದು ಹೇಳುವವನು ನಾನಲ್ಲ. ದೋಣಿ ಹತ್ತುವ ವಿಚಾರದಲ್ಲಿ ಮಾತ್ರ ನನ್ನದೊಂದು ಖಚಿತವಾದ ಅಭಿಪ್ರಾಯವಿದೆ. ಅದನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮ ಬಯಲುಸೀಮೆಯಲ್ಲಿ ನೀರು ಅಪರೂಪ. ಆದ್ದರಿಂದಲೇ ಹಿರಿಯರು ದೊಡ್ಡ ಕೆರೆಯನ್ನು ಕಂಡರೆ ಅದಕ್ಕೆ ಸಮುದ್ರವೆಂದೇ ಹೆಸರಿಟ್ಟರು. ೨೦೨೪ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ ನಮಗೆಲ್ಲ ಹೆಮ್ಮೆ ತಂದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ಒಂದು ಕೆರೆಯೇ. ಕೆರೆಗೆ ಸಮುದ್ರವೆಂದದ್ದು ಗೌರವ. ಆದರೆ ಸಮುದ್ರವನ್ನು ಕೆರೆಯೆಂದು ಭಾವಿಸುವುದು ಅಪಾಯ. ಕೆರೆಯ ನೀರು ಬೆಳಿಗ್ಗೆ ಕಂಡಂತೆಯೇ ಬಹುಮಟ್ಟಿಗೆ ಸಂಜೆಯೂ ಇರುತ್ತದೆ. ಕಡಲಿಗೆ ದಿನದ ಒಂದೊಂದು ಹೊತ್ತಿಗೆ ಒಂದೊಂದು ಸ್ವಭಾವ.

ನನ್ನ ತರಗತಿಯಲ್ಲಿ ಕುಳಿತವರಿಗೆ 'ಕಡಲಗಾಳಿ ಮತ್ತು ನೆಲಗಾಳಿ' ಎಂಬ ಎರಡು ಅಂಕದ ಪ್ರಶ್ನೆ ನೆನಪಿರಬಹುದು. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಣ ಗಾಳಿ ಮೇಲೇರುತ್ತದೆ, ತೆರವಾದ ಜಾಗಕ್ಕೆ ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ; ರಾತ್ರಿ ಇದರ ವಿರುದ್ಧ. ನೀವೆಲ್ಲ ಬಾಣದ ಗುರುತು ಹಾಕಿ ಚಿತ್ರ ಬರೆದು ಅಂಕ ಪಡೆದಿರಿ. ಆ ಚಿತ್ರವೇ ಕರಾವಳಿಯ ವಸಂತಕಾಲದ ದೋಣಿಯ ವೇಳಾಪಟ್ಟಿಯೂ ಆಗಿದೆ. ಚೈತ್ರ, ವೈಶಾಖಗಳ ಬೆಳಗಿನಲ್ಲಿ ಕಡಲು ಸಾಮಾನ್ಯವಾಗಿ ತಟ್ಟೆಯಂತೆ ಶಾಂತ. ಮಧ್ಯಾಹ್ನ ಸಮೀಪಿಸುತ್ತಲೇ ಪಡುವಣ ಗಾಳಿ ಏಳುತ್ತದೆ. ಮೂರು, ನಾಲ್ಕು ಗಂಟೆಯ ಹೊತ್ತಿಗೆ ಅದು ಬಲವಾಗಿ, ಚಿಕ್ಕದಾದರೂ ಒತ್ತೊತ್ತಾದ ಅಲೆಗಳನ್ನು ಎಬ್ಬಿಸುತ್ತದೆ. ನಾವಾದರೋ ರಾತ್ರಿಯೆಲ್ಲ ಪ್ರಯಾಣ ಮಾಡಿ, ಬೆಳಿಗ್ಗೆ ದೇವರ ದರ್ಶನ ಮುಗಿಸಿ, ಊಟ ಮಾಡಿ, ಸರಿಯಾಗಿ ಆ ಹೊತ್ತಿಗೇ ದೋಣಿಯ ಬಳಿ ಬಂದು ನಿಲ್ಲುತ್ತೇವೆ.

ಎರಡನೆಯದು ಅಳಿವೆ, ಅಂದರೆ ನದಿ ಕಡಲನ್ನು ಸೇರುವ ಬಾಯಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳು ನೋಡಲು ಮನೋಹರ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಳಿತದ ವೇಳೆ ನದಿಯ ನೀರು ರಭಸದಿಂದ ಹೊರಗೆ ಹರಿಯುವಾಗ ಎದುರಿನಿಂದ ಕಡಲ ಅಲೆ ಬಂದರೆ, ಅಲೆ ಗಿಡ್ಡವಾಗಿ, ಕಡಿದಾಗಿ ಮುರಿಯುತ್ತದೆ. ಅಲ್ಲಿನ ಮೀನುಗಾರರು ಭರತ–ಇಳಿತ ನೋಡಿಯೇ ಅಳಿವೆ ದಾಟುತ್ತಾರೆ. ನಮಗೆ ಆ ಲೆಕ್ಕ ತಿಳಿಯದು. ತಿಳಿದವರ ಮಾತನ್ನು ಕೇಳುವುದೊಂದೇ ನಮಗಿರುವ ದಾರಿ.

ಮೂರನೆಯದು ಇನ್ನೂ ವಿಚಿತ್ರ. ಆಕಾಶ ಶುಭ್ರವಾಗಿ, ಗಾಳಿಯೇ ಇಲ್ಲದ ದಿನವೂ ದೊಡ್ಡ ಅಲೆಗಳು ದಡಕ್ಕೆ ಬಂದು ಅಪ್ಪಳಿಸಬಹುದು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತವೆ. ಮುಂಗಾರಿಗೆ ಮುನ್ನಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಹೆಚ್ಚು. ಕೇರಳದ ಬೆಸ್ತರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಕನ್ನಡಿಗರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಅಲೆಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ನೀಡುತ್ತದೆ. ಮೊಬೈಲಿನಲ್ಲಿ ಇವನ್ನು ನೋಡಲು ಎರಡು ನಿಮಿಷ ಸಾಕು.

ಇನ್ನು ಮೇ ತಿಂಗಳ ಮಾತು. ಬೇಸಿಗೆಯೆಲ್ಲ ಒಂದೇ ಎಂದು ತಿಳಿಯಬಾರದು. ೨೦೨೧ರ ಮೇ ಮಧ್ಯದಲ್ಲಿ ಅರಬ್ಬೀ ಸಮುದ್ರದ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ನಡುಗಿಸಿತು. ೨೦೨೫ರಲ್ಲಿ ಮುಂಗಾರು ವಾಡಿಕೆಯ ಜೂನ್ ೧ರ ಬದಲು ಮೇ ೨೪ರಂದೇ ಕೇರಳವನ್ನು ಪ್ರವೇಶಿಸಿತು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳನ್ನು ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಿಲ್ಲಿಸುವುದು ಸುಮ್ಮನೆ ಅಲ್ಲ.

ಇವೆಲ್ಲ ಪುಸ್ತಕದ ಮಾತೆಂದು ಅನ್ನಿಸಿದರೆ ಎರಡು ದಿನಾಂಕಗಳನ್ನು ನೆನೆಯಿರಿ. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ತೀರಿಕೊಂಡರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು. ನಮ್ಮ ಹಡಗಲಿಗೆ ತುಂಗಭದ್ರೆಯ ಆಚೆ ದಡದ ಜಿಲ್ಲೆಯವರು. ೨೦೨೪ರ ಡಿಸೆಂಬರ್ ೧೦ರಂದು ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಅಸುನೀಗಿದರು; ಅವರು ದೋಣಿಯನ್ನೂ ಹತ್ತಿರಲಿಲ್ಲ. ಎರಡೂ ಕಡೆ ನೊಂದವರಲ್ಲಿ ನಮ್ಮಂತೆಯೇ ಒಣನೆಲದಿಂದ ಹೋದವರಿದ್ದರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಯಾವ ಶಿಕ್ಷಕನೂ ಆ ಸುದ್ದಿಯನ್ನು ಓದಿ ಮರೆಯಲಾರ.

ದೋಣಿಗಳ ಮೇಲೆ ನಿಗಾ ಇಡುವುದು ಸರಕಾರದ ಕೆಲಸವಲ್ಲವೆ ಎಂದು ನೀವು ಕೇಳಬಹುದು. ನಿಜ, ಸಂಶಯವೇ ಇಲ್ಲ. ಮಿತಿಮೀರಿ ಜನರನ್ನು ಹತ್ತಿಸುವವನಿಗೂ ಜೀವರಕ್ಷಕ ಕವಚ ಇಡದವನಿಗೂ ಶಿಕ್ಷೆಯಾಗಬೇಕು. ಆದರೆ ದಡದಲ್ಲಿ ನಡೆಯುವುದನ್ನು ಕೊಂಚ ಗಮನಿಸಿರಿ. ದೋಣಿಯವನು "ಗಾಳಿ ಎದ್ದಿದೆ, ಇಂದು ಬೇಡ" ಎನ್ನುತ್ತಾನೆ. ನಮ್ಮವರು "ಇಷ್ಟು ದೂರ ಬಂದಿದ್ದೇವೆ, ಮತ್ತೆ ಯಾವಾಗ ಬರುತ್ತೇವೋ, ಒಂದು ಸುತ್ತು ಸಾಕು" ಎಂದು ಗೋಗರೆಯುತ್ತಾರೆ. ಹಣ ಹೆಚ್ಚು ಕೊಡುತ್ತೇವೆ ಎನ್ನುತ್ತಾರೆ. ನಮ್ಮ ಬಡತನ, ವರ್ಷಕ್ಕೊಂದು ಪ್ರವಾಸಕ್ಕಾಗಿ ಕೂಡಿಟ್ಟ ಹಣ, ಮಕ್ಕಳಿಗೆ ಕೊಟ್ಟ ಮಾತು, ಇವೆಲ್ಲ ಆ ಒಂದು ವಾಕ್ಯದಲ್ಲಿ ಅಡಗಿವೆ. ಅದಕ್ಕಾಗಿಯೇ ಅದನ್ನು ತಳ್ಳಿಹಾಕುವುದು ಕಷ್ಟ. ಆದರೆ ನಾವು ಬಂದ ದೂರವನ್ನು ಕಡಲು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮಗೆ ಈ ವಿವೇಕ ಹೊಸತೇನಲ್ಲ. ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಯನ್ನು, ಸೇತುವೆಗಳಾಗುವ ಮುನ್ನ, ಹರಿಗೋಲಿನಲ್ಲಿಯೇ ದಾಟಬೇಕಿತ್ತು. ಯಾರು ಎಲ್ಲಿ ಕೂಡಬೇಕು, ಎಷ್ಟು ಮಂದಿ ಹತ್ತಬೇಕು ಎಂಬುದನ್ನು ಅಂಬಿಗನೇ ನಿರ್ಧರಿಸುತ್ತಿದ್ದ. ಗೌಡನಾಗಲಿ, ಮೇಷ್ಟರಾಗಲಿ, ಹರಿಗೋಲಿನೊಳಗೆ ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಚೌಡದಾನಪುರ ಇರುವುದು ಇದೇ ಹೊಳೆಯ ದಡದಲ್ಲಿ. ಹೊಳೆಯಲ್ಲಿ ಅಂಬಿಗನಿಗೆ ತೋರಿದ ಮರ್ಯಾದೆಯನ್ನು ಕಡಲಿನ ಅಂಬಿಗನಿಗೂ ತೋರಬೇಕೆಂಬುದಷ್ಟೇ ನನ್ನ ಕೋರಿಕೆ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಪ್ರವಾಸ ಹೊರಡುವ ಹಿಂದಿನ ದಿನ ಒಂದು ಅವಧಿಯನ್ನು ಈ ಪಾಠಕ್ಕೆ ಮೀಸಲಿಡಿರಿ. ದೋಣಿಯ ವಿಹಾರವನ್ನು ಬೆಳಗಿಗೆ ಗೊತ್ತುಪಡಿಸಿ, ದರ್ಶನವನ್ನು ಸಂಜೆಗೆ ಇಟ್ಟುಕೊಳ್ಳಿರಿ. ಕವಚ ತೊಡದೆ ಒಂದು ಮಗುವೂ ದೋಣಿ ಹತ್ತಬಾರದು, ನೀವೂ ಹತ್ತಬಾರದು. ಕಡಲಲ್ಲಿ ಆಪತ್ತು ಬಂದರೆ ಕರಾವಳಿ ರಕ್ಷಣಾ ಪಡೆಯ ೧೫೫೪ ಸಂಖ್ಯೆಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ದೋಣಿಯ ಹಣವನ್ನು ಮುಂಗಡವಾಗಿ ವಸೂಲು ಮಾಡಬೇಡಿರಿ; ಹಣ ಕೊಟ್ಟಾಗಿದೆಯೆಂಬ ಕಾರಣಕ್ಕೆ ದೋಣಿ ಹತ್ತುವ ಒತ್ತಡ ಆಗ ಇರುವುದಿಲ್ಲ. "ಕಡಲು ಒಪ್ಪಿದರೆ ದೋಣಿ, ಇಲ್ಲದಿದ್ದರೆ ದಡದಲ್ಲಿ ಚುರುಮುರಿ" ಎಂದು ಊರಿನಲ್ಲಿಯೇ ಮಕ್ಕಳಿಗೆ ತಿಳಿಸಿಬಿಡಿರಿ. ಮಕ್ಕಳು ಒಪ್ಪುತ್ತಾರೆ, ಹಟ ಹಿಡಿಯುವವರು ಹೆಚ್ಚಾಗಿ ದೊಡ್ಡವರೇ.

ಎಲ್ಲರಿಗೂ ಪ್ರವಾಸ ಸುಖಕರವಾಗಲಿ.